ಹಿತ್ತಿಲ ಟೊಮೆಟೊದ ಸೂಪ್ ನೀರು ನೀರಾಗುತ್ತದೆ, ಹುಳಿಯಾಗುತ್ತದೆ. ಕಾರ್ನ್‌ಫ್ಲೋರ್, ಕ್ರೀಂ ಎಷ್ಟು ಹಾಕಬೇಕು?

ಕಾರ್ನ್‌ಫ್ಲೋರ್ ಎಷ್ಟು ಚಮಚ, ಕ್ರೀಂ ಎಷ್ಟು, ಹೋಟೆಲಿನ ಕೆಂಪು ಬರಲು ಬಣ್ಣ ಹಾಕಬೇಕೇ ಎಂದು ಕೇಳಿದ್ದೀರಿ. ಮೂರೂ ಬೇಡ. ಬಟ್ಟಲಿಗೆ ಬಡಿಸಿ ಐದು ನಿಮಿಷ ಆಗುವಾಗ ಅಂಚಿನಲ್ಲಿ ಹಳದಿ ನೀರು, ನಡುವೆ ತಿರುಳಿನ ಗುಡ್ಡೆ: ನೀವು ಹೇಳಿದ ಆ ಸೂಪನ್ನು ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲೂ ಬೇಕಾದಷ್ಟು ಕುಡಿದು ಆಗಿದೆ. ತಪ್ಪು ಟೊಮೆಟೊದ್ದಲ್ಲ, ಕ್ರಮದ್ದು. "ಹೆಚ್ಚಿ, ಮಿಕ್ಸಿಗೆ ಹಾಕಿ, ಸೋಸಿ, ಆಮೇಲೆ ಕುದಿಸುತ್ತೇನೆ" ಎಂದು ಬರೆದಿದ್ದೀರಲ್ಲ, ಕೆಡುವುದು ಅಲ್ಲಿಯೇ. ಹಸಿ ಟೊಮೆಟೊವನ್ನು ಮಿಕ್ಸಿಗೆ ಹಾಕಲೇಬಾರದು.

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಉಳಿದ ತೊಂದರೆಗಳೆಲ್ಲ ಇದರ ಬಾಲ ಹಿಡಿದೇ ಬರುವುದು. ಟೊಮೆಟೊದಲ್ಲಿ ನೂರಕ್ಕೆ ಸಾಧಾರಣ 94 ಪಾಲು ನೀರು. ಅಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ದೊಡ್ಡ ಪಾಲು ತಿರುಳಿಗೆ ಹಿಡಿತ ಕೊಡುವ ಪೆಕ್ಟಿನ್ ಎಂಬ ಅಂಟಿನದ್ದು. ಸೂಪನ್ನು ದಪ್ಪ ಮಾಡಬೇಕಾದ್ದೂ ಅದೇ. ಆದರೆ ಆ ಪೆಕ್ಟಿನ್ನನ್ನು ತುಂಡರಿಸುವ ಕಿಣ್ವಗಳೂ ಅದೇ ಹಣ್ಣಿನೊಳಗೆ ಉಂಟು. ಗಿಡದಲ್ಲಿ ಹಣ್ಣು ಮೆಲ್ಲಗೆ ಮೆತ್ತಗಾಗುವುದು ಅವುಗಳ ಕೆಲಸದಿಂದ. ಇಡೀ ಹಣ್ಣಿನಲ್ಲಿ ದಿನಗಟ್ಟಲೆ ಹಿಡಿಯುವ ಆ ಕೆಲಸ, ಹಣ್ಣನ್ನು ಹೆಚ್ಚಿದಾಗ, ಅದಕ್ಕಿಂತಲೂ ಹೆಚ್ಚಾಗಿ ಅರೆದಾಗ, ನಿಮಿಷಗಳಲ್ಲಿ ಮುಗಿಯುತ್ತದೆ. ಅರೆದ ರಸವನ್ನು ಸಣ್ಣ ಉರಿಯಲ್ಲಿಟ್ಟು ನಿಧಾನಕ್ಕೆ ಬಿಸಿ ಮಾಡಿದರೆ ಇನ್ನೂ ಕಷ್ಟ. ಬೆಚ್ಚಗಾಗುತ್ತಾ ಹೋದಂತೆ ಕಿಣ್ವಗಳ ಚುರುಕು ಏರುತ್ತದೆ. ಅವು ಸಾಯಬೇಕಾದರೆ ಬಿಸಿ 85 ಡಿಗ್ರಿ ದಾಟಬೇಕು. ಪೇಸ್ಟ್, ಕೆಚಪ್ ಮಾಡುವ ಕಾರ್ಖಾನೆಗಳಲ್ಲಿ ಹಣ್ಣನ್ನು ಜಜ್ಜಿದ ಕೂಡಲೇ 85ರಿಂದ 95 ಡಿಗ್ರಿಗೆ ಏರಿಸಿಬಿಡುತ್ತಾರೆ, ಅದಕ್ಕೆ ಹಾಟ್ ಬ್ರೇಕ್ ಎಂದೇ ಹೆಸರು. ಮನೆಯಲ್ಲಿ ಮಾಡಬೇಕಾದ್ದೂ ಇಷ್ಟೇ: ಕತ್ತರಿಸಿದ ತುಂಡು ಕೂಡಲೇ ಸುಡುವ ಪಾತ್ರೆಗೆ ಬೀಳಬೇಕು.

ಒಮ್ಮೆ ಪೆಕ್ಟಿನ್ ತುಂಡಾಗಿ ಹೋದರೆ ಮತ್ತೆ ಎಷ್ಟು ಹೊತ್ತು ಕುದಿಸಿದರೂ ಆ ಹಿಡಿತ ಬರುವುದಿಲ್ಲ. ಆಗಲೇ ಎಲ್ಲರೂ ಕಾರ್ನ್‌ಫ್ಲೋರಿನ ಡಬ್ಬಕ್ಕೆ ಕೈಹಾಕುವುದು. ಅದೂ ನಿಲ್ಲುವುದಿಲ್ಲ. ಟೊಮೆಟೊದ ಹುಳಿಯಲ್ಲಿ ಹಿಟ್ಟು ಹೆಚ್ಚು ಹೊತ್ತು ಕುದಿದರೆ ಪಿಷ್ಟ ಒಡೆದು ಸೂಪ್ ಪುನಃ ತೆಳ್ಳಗಾಗುತ್ತದೆ; ಇನ್ನೊಂದು ಚಮಚ ಹಾಕುತ್ತೀರಿ, ತಣಿದ ಮೇಲೆ ಅಂಟಂಟು. ಹಸಿ ಅರೆಯುವುದರಿಂದ ಬೇರೆ ಎರಡು ನಷ್ಟವೂ ಉಂಟು. ಮಿಕ್ಸಿ ರಸದೊಳಗೆ ಗಾಳಿ ಸೇರಿಸಿ ಕೆಂಪನ್ನು ತಿಳಿಗುಲಾಬಿ ಮಾಡುತ್ತದೆ, ನೀವು ಬಣ್ಣ ಹುಡುಕುತ್ತಿರುವುದು ಅದಕ್ಕೂ ಇರಬಹುದು. ಬೀಜ ನುಚ್ಚಾದರೆ ಒಗರು, ಕಹಿ.

ಹಾಗೆಂದು ಬೀಜದ ಸುತ್ತಲಿನ ಲೋಳೆಯನ್ನು ಮೊದಲೇ ತೋಡಿ ಬಿಸಾಡಬೇಡಿ. ಹುಳಿ ಅಲ್ಲಿ ಹೆಚ್ಚಿರುವುದು ಹೌದು, ಆದರೆ ನಾಲಿಗೆಗೆ ರುಚಿ ಎನಿಸುವ ಗ್ಲುಟಾಮೇಟ್ ಕೂಡ ಗಟ್ಟಿ ತಿರುಳಿಗಿಂತ ಅಲ್ಲಿಯೇ ಜಾಸ್ತಿ. ಬೆಂದ ಮೇಲೆ ಸೋಸಿದರೆ ಬೀಜ ಮಾತ್ರ ಹೊರಗೆ ಹೋಗುತ್ತದೆ, ರುಚಿ ಒಳಗೆ ಉಳಿಯುತ್ತದೆ.

ಬಣ್ಣದ ಇನ್ನೊಂದು ಕಾರಣ ಗಿಡದಲ್ಲಿದೆ. ನಮ್ಮ ಕಡೆ ಟೊಮೆಟೊ ಕೈಗೆ ಬರುವುದು ಜನವರಿಯಿಂದ ಮಾರ್ಚ್‌ವರೆಗೆ, ಅಂದರೆ ಬಿಸಿಲು ಏರುವ ಹೊತ್ತಿಗೆ. ಕೆಂಪು ಕೊಡುವ ಲೈಕೋಪೀನ್ 20ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಕೂಡುತ್ತದೆ, 30 ದಾಟಿದರೆ ಬಹುತೇಕ ನಿಂತುಹೋಗುತ್ತದೆ. ಹಳದಿ ಬಣ್ಣದ ಕ್ಯಾರೊಟಿನ್ ಮಾತ್ರ ಕೂಡುತ್ತಾ ಹೋಗುತ್ತದೆ. ಫೆಬ್ರವರಿ ನಂತರ ಗಿಡದಲ್ಲೇ ಹಣ್ಣಾಗಲಿ ಎಂದು ಬಿಟ್ಟರೆ ಕಿತ್ತಳೆ ಬಣ್ಣದಲ್ಲೇ ನಿಲ್ಲುವುದು, ತೊಟ್ಟಿನ ಸುತ್ತ ಹಸುರು ಗಟ್ಟಿಯಾಗಿ ಉಳಿಯುವುದು ಇದಕ್ಕೇ. ತುದಿಯಲ್ಲಿ ನಸುಗೆಂಪು ಕಂಡ ಕೂಡಲೇ ಕೊಯ್ದು, ಮನೆಯೊಳಗೆ ತಂಪು ಮೂಲೆಯಲ್ಲಿ ತೊಟ್ಟು ಕೆಳಗೆ ಮಾಡಿ ಒಂದರ ಮೇಲೊಂದು ಬೀಳದಂತೆ ಹರಡಿ. ನಾಲ್ಕೈದು ದಿನದಲ್ಲಿ ಸಮನಾಗಿ ಕೆಂಪಾಗುತ್ತದೆ. ಹಣ್ಣಾಗಲು ಬಿಸಿಲು ಬೇಕಿಲ್ಲ. ಹಕ್ಕಿ ಕುಕ್ಕುವುದೂ ತಪ್ಪುತ್ತದೆ. ಫ್ರಿಜ್ಜಿಗೆ ಮಾತ್ರ ಇಡಬೇಡಿ, 10–12 ಡಿಗ್ರಿಗಿಂತ ಕೆಳಗೆ ಪರಿಮಳ ಹೋಗುತ್ತದೆ, ಅರೆಹಣ್ಣು ಹಣ್ಣಾಗುವುದೂ ಇಲ್ಲ. ಬುಡ ಕಪ್ಪಾದ ಹಣ್ಣು ಸಿಕ್ಕಿದರೆ ಅದು ಹುಳಿಮಣ್ಣಿನಲ್ಲಿ ಗಿಡಕ್ಕೆ ಸುಣ್ಣದ ಅಂಶ ಸಾಲದ್ದರ, ನೀರು ಹೆಚ್ಚುಕಡಿಮೆಯಾದ್ದರ ಗುರುತು. ಕಪ್ಪು ಭಾಗ ಧಾರಾಳವಾಗಿ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಕೊಳೆತು ವಾಸನೆ ಬಂದದ್ದು ಗೊಬ್ಬರದ ಗುಂಡಿಗೆ.

ಇನ್ನು ಸೂಪ್. ನಾಲ್ಕು ಬಟ್ಟಲಿಗೆ 1 ಕೆ.ಜಿ. ಹಣ್ಣು ಬೇಕು. ಕ್ಯಾರೆಟ್ ತರಲು ಪೇಟೆಗೆ ಹೋಗಬೇಡಿ. ಹಿತ್ತಿಲಲ್ಲಿ ಚೀನಿಕಾಯಿ (ಸಿಹಿಗುಂಬಳ) ಇರುತ್ತದಲ್ಲ, ಚೆನ್ನಾಗಿ ಬಲಿತದ್ದು, ಸಿಪ್ಪೆ ತೆಗೆದು 150 ಗ್ರಾಂ ಸಾಕು. ಅದು ಸಿಹಿಯನ್ನೂ ದಪ್ಪವನ್ನೂ ಒಟ್ಟಿಗೆ ಕೊಡುತ್ತದೆ. ಒಂದು ನೀರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಬೆಣ್ಣೆ, ಒಂದು ಸಣ್ಣ ಚಮಚ ಉಪ್ಪು, ಎಂಟು ಹತ್ತು ಕಾಳು ಒಳ್ಳೆಮೆಣಸು (ಕಾಳುಮೆಣಸು), ನಾಲ್ಕು ಕೊತ್ತಂಬರಿ ದಂಟು. ಬಸಳೆ ಬೇಡ, ಲೋಳೆಯಾಗುತ್ತದೆ. ಹರಿವೆ ಸೊಪ್ಪು ಹಾಕಿದರೆ ಬಣ್ಣ ಬರುತ್ತದೆಂದು ಕೆಲವರು ಹೇಳುತ್ತಾರೆ. ಆ ನೇರಳೆಗೆಂಪು ಟೊಮೆಟೊದ ಕೆಂಪಲ್ಲ, ಕುದಿದಂತೆ ಕಂದಾಗುತ್ತದೆ, ಮಣ್ಣಿನ ರುಚಿ ಬೇರೆ.

ಪಾತ್ರೆ ಅಗಲ ಬಾಯಿಯ, ದಪ್ಪ ತಳದ ಸ್ಟೀಲಿನದ್ದಾಗಬೇಕು. ಅಲ್ಯುಮಿನಿಯಂ ಮತ್ತು ಕಬ್ಬಿಣದ ಬಾಣಲೆಯಲ್ಲಿ ಹುಳಿ ಅರ್ಧ ಗಂಟೆ ಕುದಿದರೆ ಲೋಹದ ರುಚಿ ಬಿಡುತ್ತದೆ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಹತ್ತಿರವೂ ತರಬೇಡಿ.

ಬೆಣ್ಣೆ ಕರಗಿಸಿ ನೀರುಳ್ಳಿಯನ್ನು ಚಿಟಿಕೆ ಉಪ್ಪಿನೊಂದಿಗೆ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಾಡಿಸಿ. ಕಂದು ಆಗಬಾರದು, ಗಾಜಿನಂತಾಗಬೇಕು. ನೀರುಳ್ಳಿ ಮೊದಲೇ ಪೂರ್ತಿ ಮೆತ್ತಗಾಗಲೇಬೇಕು. ಹುಳಿ ಬಿದ್ದ ಮೇಲೆ ಅದು ಬೇಯುವುದು ಬಹಳ ನಿಧಾನ, ಅರೆದರೂ ನಾರುನಾರಾಗಿ ಸಿಗುತ್ತದೆ. ಚೀನಿಕಾಯಿಗೂ ಇದೇ ಮಾತು: ಸಣ್ಣ ತುಂಡು ಮಾಡಿ, ಬೆಳ್ಳುಳ್ಳಿಯ ಜೊತೆ ಹಾಕಿ, ಕಾಲು ಲೋಟ ನೀರಿನಲ್ಲಿ ಮುಚ್ಚಿ ಬೇಯಿಸಿಕೊಳ್ಳಿ. ಸೌಟಿನಲ್ಲಿ ಒತ್ತಿದರೆ ಮುದ್ದೆಯಾಗಬೇಕು.

ಈಗ ಉರಿ ದೊಡ್ಡದು ಮಾಡಿ. ಟೊಮೆಟೊವನ್ನು ಒಮ್ಮೆಲೇ ಹೆಚ್ಚಿ ರಾಶಿ ಹಾಕಿಕೊಳ್ಳಬೇಡಿ. ಮೂರು ನಾಲ್ಕು ಹಣ್ಣನ್ನು ನಾಲ್ಕು ಹೋಳು ಮಾಡಿ ಪಾತ್ರೆಗೆ ಹಾಕಿ, ಸೌಟಿನ ಬೆನ್ನಿನಿಂದ ಜಜ್ಜಿ, ರಸ ಗುಳುಗುಳು ಕುದಿಯಲು ಬಿಡಿ. ಕುದಿ ನಿಲ್ಲದಂತೆ ನೋಡಿಕೊಂಡು ಮುಂದಿನ ಮೂರು ನಾಲ್ಕು. ನೀರು ಹಾಕುವ ಅಗತ್ಯವೇ ಇಲ್ಲ. ಎಲ್ಲ ಹಾಕಿದ ಮೇಲೆ ಉಪ್ಪು, ಕೊತ್ತಂಬರಿ ದಂಟಿನ ಕಟ್ಟು ಹಾಕಿ ಐದು ನಿಮಿಷ ಮುಚ್ಚಿ, ಆಮೇಲೆ ಮುಚ್ಚಳ ತೆಗೆದು ಮಧ್ಯಮ ಉರಿಯಲ್ಲಿ ಇಪ್ಪತ್ತು ನಿಮಿಷ. ಸಿಪ್ಪೆ ಸುರುಳಿಯಾಗಿ ಬಿಡಿಸಿಕೊಳ್ಳುತ್ತದೆ. ಸೌಟಿನಿಂದ ತಳ ಗೀರಿದರೆ ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಳ್ಳುವಷ್ಟು ಆದಾಗ ಇಳಿಸಿ. ಕುಕ್ಕರೂ ಆದೀತು, ಆದರೆ ಹಣ್ಣನ್ನು ಇಡಿಯಾಗಿ ಹಾಕಿ. ಒಳಗಿನ ನೀರು ಒಳಗೇ ಉಳಿಯುವುದರಿಂದ ಮತ್ತೆ ತೆರೆದು ಬತ್ತಿಸುವ ಕೆಲಸ ಹೇಗೂ ತಪ್ಪುವುದಿಲ್ಲ.

ದಂಟಿನ ಕಟ್ಟು ತೆಗೆದು, ಕೈ ತಾಗಿಸುವಷ್ಟು ತಣಿದ ಮೇಲೆ ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಸೌಟಿನಿಂದ ಒತ್ತಿ ಸೋಸಿ, ಸಿಪ್ಪೆ ಬೀಜ ಮಾತ್ರ ಉಳಿಯಬೇಕು. ಜರಡಿಯ ಅಡಿಗೆ ಅಂಟಿದ ದಪ್ಪ ತಿರುಳನ್ನು ಕೆರೆದು ಹಾಕಿ, ಅಸಲು ದಪ್ಪ ಇರುವುದು ಅದರಲ್ಲೇ. ಸೋಸಿದ್ದಕ್ಕೆ ಎರಡು ಚಮಚ ಬೆಂದ ಕುಚ್ಚಲಕ್ಕಿ ಅನ್ನ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ. ಕಾರ್ನ್‌ಫ್ಲೋರಿಗಿಂತ ಸಾವಿರ ಪಾಲು ಮೇಲು, ಹಿಟ್ಟಿನ ವಾಸನೆ ಇಲ್ಲ. ಸುಡುಸುಡು ಇರುವಾಗ ಮಿಕ್ಸಿಗೆ ಹಾಕಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಮುಖ ಸುಡುತ್ತದೆ. ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಮತ್ತೆ ಪಾತ್ರೆಗೆ ಸುರಿದು, ಹದ ನೋಡಿ ಬಿಸಿನೀರೋ ಗಂಜಿ ತೆಳಿಯೋ ಸ್ವಲ್ಪ ಬೆರೆಸಿ ಒಂದು ಕುದಿ. ಒಳ್ಳೆಮೆಣಸು ಆಗಲೇ ಕುಟ್ಟಿ ಕೊನೆಗೆ ಹಾಕಿ. ಜೀರಿಗೆ, ಇಂಗು, ಕರಿಬೇವಿನ ಸೊಪ್ಪಿನ ಒಗ್ಗರಣೆ ಕೊಟ್ಟರೆ ಸಾರು ಆಗುತ್ತದೆ, ಸಾರು ಒಳ್ಳೆಯದೇ, ಆದರೆ ನೀವು ಕೇಳಿದ್ದು ಸೂಪ್.

ಹುಳಿ ಇನ್ನೂ ಹೆಚ್ಚೆನಿಸಿದರೆ ಅರ್ಧ ಸಣ್ಣ ಚಮಚ ಬೆಲ್ಲ ಹಾಕಿ ನೋಡಿ. ಬೆಲ್ಲ ಹುಳಿಯನ್ನು ಮರೆಮಾಡುತ್ತದೆ, ಕಡಿಮೆ ಮಾಡುವುದಿಲ್ಲ. ನಿಜವಾಗಿ ಕಡಿಮೆ ಮಾಡುವುದು ಅಡುಗೆ ಸೋಡಾ: ಕೆ.ಜಿ.ಗೆ ಸಣ್ಣ ಚಮಚದ ಎಂಟನೇ ಒಂದು ಪಾಲು, ಅಂದರೆ ದೊಡ್ಡ ಚಿಟಿಕೆ. ನೊರೆ ಉಕ್ಕುತ್ತದೆ, ಇಳಿಯುವ ತನಕ ಕದಡಿ. ಇನ್ನೂ ಹಾಕಿದರೆ ಸಾಬೂನಿನ ರುಚಿ. ಅಷ್ಟಕ್ಕೂ ಚೀನಿಕಾಯಿ ಹಾಕಿ, ಪೂರ್ತಿ ಕೆಂಪಾದ ಹಣ್ಣು ಬಳಸಿದರೆ ಹತ್ತರಲ್ಲಿ ಒಂಬತ್ತು ಸಲ ಇದರ ಅಗತ್ಯ ಬೀಳುವುದಿಲ್ಲ.

ಕ್ರೀಂ ವಿಷಯ. ಹಾಲು ಹಾಕಿದಾಗ ಒಡೆದು ಮೊಸರಿನ ಕಣಗಳಂತಾಯಿತು ಎಂದಿರಿ. ಆಗಲೇಬೇಕು. ಟೊಮೆಟೊ ರಸದ ಪಿ.ಎಚ್. (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸಾಧಾರಣ 4.2ರಿಂದ 4.6, ಹಾಲಿನ ಕೇಸೀನ್ ಎಂಬ ಪ್ರೋಟೀನ್ ಒಟ್ಟುಗೂಡಿ ಕೆಳಗೆ ಕೂರುವುದು 4.6ರ ಹತ್ತಿರ. ಬಿಸಿ ಸೇರಿದರೆ ಅದಕ್ಕೂ ಮೊದಲೇ. ಪೇಟೆಯ ಕ್ರೀಮಿನಲ್ಲಿ ಕೊಬ್ಬು ಹೆಚ್ಚು, ಕೇಸೀನ್ ಕಡಿಮೆ, ಹಾಗಾಗಿ ಅದು ತಡೆಯುತ್ತದೆ. ತೆಂಗಿನ ಮರ ಅಂಗಳದಲ್ಲಿಟ್ಟುಕೊಂಡು ಕ್ರೀಮಿನ ಪೊಟ್ಟಣ ತರುವುದು ಯಾಕೆ? ಅರ್ಧ ತೆಂಗಿನಕಾಯಿ ತುರಿದು ಅರೆದು ಹಿಂಡಿದ ಮೊದಲ ಕಾಯಿಹಾಲು ಅರ್ಧ ಲೋಟ ಸಾಕು. ಒಲೆ ಆರಿಸಿದ ಮೇಲೆ ಹಾಕಬೇಕು, ಮತ್ತೆ ಕುದಿಸಿದರೆ ಎಣ್ಣೆ ಬಿಟ್ಟು ಒಡೆಯುತ್ತದೆ. ಕಾಯಿಹಾಲು ಹಾಕುವುದಾದರೆ ಮೊದಲಿಗೆ ಬೆಣ್ಣೆಯ ಬದಲು ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ನೀರುಳ್ಳಿ ಬಾಡಿಸಿ. ಬೆಣ್ಣೆಯ ಪರಿಮಳ, ಕಾಯಿಯ ಪರಿಮಳ ಎರಡೂ ಸೇರಿದರೆ ಯಾವುದೂ ಗೊತ್ತಾಗುವುದಿಲ್ಲ.

ಗಿಡ ಕಾಯಿ ಬಿಡುವ ಮೊದಲೇ ಹಸುರು ಎಲೆಯೊಂದಿಗೇ ಬಾಡಿ ಸಾಯುತ್ತದೆ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ಅದು ಬಹುತೇಕ ದುಂಡಾಣು ಸೊರಗು ರೋಗ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ಇಳಿಬಿಡಿ; ಬಿಳಿ ಹಾಲಿನಂಥ ಎಳೆ ಇಳಿದರೆ ಅದೇ. ಮದ್ದಿಲ್ಲ, ಗಿಡ ಬುಡಸಮೇತ ಕಿತ್ತು ಸುಡಿ, ಆ ಜಾಗದಲ್ಲಿ ಬದನೆ, ಮೆಣಸು ನೆಡಬೇಡಿ. ಮುಂದಿನ ಸಲಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ ಅಥವಾ ಅನಘ ತಳಿ, ಇಲ್ಲವೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಕೇಳಿ, ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ. ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿದರೆ ಸಾಕು, ಬಿಸಿಲು ಬೀಳುವ ಜಾಗದಲ್ಲಿ. ಅಡಿಕೆ ತೋಟದ ನೆರಳಿನಲ್ಲಿ ಎಲೆ ಮಾತ್ರ ಬೆಳೆಯುವುದು.

ಹಣ್ಣು ಒಟ್ಟಿಗೇ ರಾಶಿ ಬಿದ್ದರೆ ಕಾಯಿಹಾಲು ಹಾಕುವ ಮೊದಲಿನ ಹಂತದಲ್ಲಿ ನಿಲ್ಲಿಸಿ, ತಣಿಸಿ, ಡಬ್ಬದಲ್ಲಿ ಮೇಲೆ ಒಂದಂಗುಲ ಜಾಗ ಬಿಟ್ಟು ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಕೆಳಗಾದರೆ ಮೂರು ದಿನ. ಬಿಸಿಬಿಸಿಯಾಗಿ ಬಾಟಲಿಗೆ ತುಂಬಿಸಿ ಕಪಾಟಿನಲ್ಲಿಡುವ ಉಪಾಯ ಇದಕ್ಕೆ ಬೇಡ: ಚೀನಿಕಾಯಿ, ನೀರುಳ್ಳಿ, ಅನ್ನ ಸೇರಿದ ಮೇಲೆ ಪಿ.ಎಚ್. 4.6 ದಾಟಬಹುದು, ಗಾಳಿಯಿಲ್ಲದ ಬಾಟಲಿಯಲ್ಲಿ ಬೊಟುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು, ರುಚಿ ವಾಸನೆಯಲ್ಲಿ ಏನೂ ಗೊತ್ತಾಗದೆಯೂ ಇರಬಹುದು.