ಎನ್‌ಕ್ರಿಪ್ಶನ್ ತಂತ್ರಾಂಶವನ್ನು ಓಪನ್ ಸೋರ್ಸ್ ಮಾಡಿದರೆ ಪೇಟೆಂಟ್ ಕೇಸ್ ಬೀಳುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಫೈಲುಗಳಿಗೆ ಬೀಗ ಹಾಕಿಡುವ ಪುಟ್ಟ ತಂತ್ರಾಂಶವೊಂದನ್ನು ಬರೆದಿದ್ದೀರಿ, ಅದನ್ನು ಜಿಪಿಎಲ್ (ಪಡೆದವರು ಅದೇ ಸ್ವಾತಂತ್ರ್ಯದೊಡನೆ ಮುಂದಕ್ಕೆ ಹಂಚಬೇಕೆನ್ನುವ ಓಪನ್ ಸೋರ್ಸ್ ಲೈಸೆನ್ಸ್) ಅಡಿಯಲ್ಲಿ ಎಲ್ಲರಿಗೂ ಬಿಡಬೇಕೆಂದಿದ್ದೀರಿ. ಒಳಗೆ ಎಇಎಸ್, ಆರ್‌ಎಸ್‌ಎ, ಎಲಿಪ್ಟಿಕ್ ಕರ್ವ್ ಎಂಬ ಮೂರೂ ಎನ್‌ಕ್ರಿಪ್ಶನ್ ವಿಧಾನಗಳಿವೆ. ಇವುಗಳ ಮೇಲೆ ಯಾರದಾದರೂ ಪೇಟೆಂಟ್ ಇದ್ದು ನಾಳೆ ನೋಟಿಸ್ ಬಂದರೆ ಏನು ಗತಿ ಎಂಬ ಭಯ. ಕೊನೆಯಲ್ಲಿ, ಬಾಯಿತಪ್ಪಿ ಬಂದ ಹಾಗೆ, 'ಎಇಎಸ್ ಕೋಡ್ ಮಾತ್ರ ಗಿಟ್‌ಹಬ್‌ನಲ್ಲಿ ಯಾರದೋ ರೆಪೊದಿಂದ (ಕೋಡ್ ಸಂಗ್ರಹದಿಂದ) ತಗೊಂಡೆ, ಅದರಲ್ಲಿ ಲೈಸೆನ್ಸ್ ಅಂತ ಏನೂ ಇರ್ಲಿಲ್ಲ, ಹಾಗಾಗಿ ತೊಂದರೆ ಇಲ್ಲ ಅನ್ಕೋತೀನಿ' ಅಂತಲೂ ಬರೆದಿದ್ದೀರಿ.

ತೊಂದರೆ ಇರುವುದು ಆ ಕೊನೆಯ ಸಾಲಿನಲ್ಲೇ. ಅಲ್ಲಿಗೆ ಆಮೇಲೆ ಬರುತ್ತೇನೆ. ನಾನು ವಕೀಲನಲ್ಲ. ಬೆಂಗಳೂರಿನಲ್ಲಿ ಇಂಥ ತಂತ್ರಾಂಶ ಕಟ್ಟಿ ಗ್ರಾಹಕರಿಗೆ ಕಳಿಸುವ ಕೆಲಸದಲ್ಲಿ ಬಹಳ ವರ್ಷ ಕಳೆದವನು, ಅಷ್ಟೆ.

ಮೊದಲು ಎರಡನ್ನು ಬೇರೆ ಬೇರೆ ಇಡಿ. ಪೇಟೆಂಟ್ ಬೀಳುವುದು ಉಪಾಯದ ಮೇಲೆ. ನೀವು ಅದನ್ನು ಸ್ವಂತ ಕೈಯಿಂದ, ಯಾರ ಕೋಡೂ ನೋಡದೆ ಬರೆದರೂ ಪೇಟೆಂಟ್ ಇರುವವನು ನಿಮ್ಮನ್ನು ತಡೆಯಬಹುದು. ಲೈಸೆನ್ಸ್ ಬೀಳುವುದು ಬರೆದ ಕೋಡಿನ ಮೇಲೆ, ಕಾಪಿರೈಟ್ ಆಧಾರದಲ್ಲಿ. ಅದೇ ಉಪಾಯವನ್ನು ನೀವೇ ಹೊಸದಾಗಿ ಬರೆದರೆ ಹಳೆಯ ಕೋಡಿನ ಲೈಸೆನ್ಸ್ ನಿಮ್ಮನ್ನು ಮುಟ್ಟುವುದಿಲ್ಲ. ಪೇಟೆಂಟಿಗೆ ಮುಗಿಯುವ ತಾರೀಕು ಹತ್ತಿರದಲ್ಲೇ ಇರುತ್ತದೆ, ಅದು ಕೊಟ್ಟ ದೇಶದೊಳಗೆ ಮಾತ್ರ ನಡೆಯುತ್ತದೆ. ಕಾಪಿರೈಟ್ ಹಾಗಲ್ಲ, ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಆರ್‌ಎಸ್‌ಎ ಕಥೆ ನೋಡಿ. ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ 1977ರಲ್ಲಿ ಕಂಡುಹಿಡಿದರು. ಆ ವರ್ಷ ಆಗಸ್ಟ್‌ನಲ್ಲೇ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣವೊಂದರಲ್ಲಿ ವಿಷಯ ಅಚ್ಚಾಯಿತು. ಪೇಟೆಂಟ್ ಅರ್ಜಿ ಹೋದದ್ದು ಡಿಸೆಂಬರ್‌ನಲ್ಲಿ. ಅಮೆರಿಕದ ಕಾನೂನು ಪ್ರಕಟಿಸಿದ ಮೇಲೂ ಒಂದು ವರ್ಷ ಗಡುವು ಕೊಡುತ್ತದೆ. ಯುರೋಪಿನಲ್ಲಿ ಮೊದಲು ಬಾಯಿಬಿಟ್ಟರೆ ಮುಗಿಯಿತು, ಪೇಟೆಂಟ್ ಇಲ್ಲ. ಹೀಗಾಗಿ 1983ರ ಸೆಪ್ಟೆಂಬರ್ 20ರಂದು ಸಿಕ್ಕ ಪೇಟೆಂಟ್ ಅಮೆರಿಕದಲ್ಲಿ ಮಾತ್ರ ನಡೆಯಿತು. ಒಂದೇ ಕೋಡ್ ಅಲ್ಲಿ ಕಳ್ಳಮಾಲು, ಬೇರೆ ಕಡೆ ಸಲೀಸು. 1999ರ ಕೊನೆಯಲ್ಲಿ ಬಂದ ಓಪನ್‌ಬಿಎಸ್‌ಡಿ 2.6 ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು: ನೆಟ್ ಸಂಪರ್ಕಕ್ಕೆ ಬೀಗ ಹಾಕುವ ಎಸ್‌ಎಸ್‌ಎಲ್‌ಗೆ ಅಮೆರಿಕದವರಿಗೊಂದು ಪ್ಯಾಕೇಜು, ಉಳಿದ ಲೋಕಕ್ಕೆ ಇನ್ನೊಂದು. 2000ದ ಸೆಪ್ಟೆಂಬರ್ 6ರಂದು, ಅವಧಿ ಮುಗಿಯಲು ಇನ್ನೆರಡು ವಾರ ಇರುವಾಗ, ಅದರ ಹಕ್ಕು ಹಿಡಿದಿದ್ದ ಆರ್‌ಎಸ್‌ಎ ಸೆಕ್ಯುರಿಟಿ ಕಂಪನಿ ತಾನಾಗಿಯೇ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಎರಡು ವಾರದ ದಾನ! ಇರಲಿ. ನಿಮಗೆ ಬೇಕಾದ್ದು ಇಷ್ಟು: ಆರ್‌ಎಸ್‌ಎ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಎಇಎಸ್‌ಗೆ ಆ ಭಯ ಮೊದಲಿನಿಂದಲೂ ಇಲ್ಲ. ಅಮೆರಿಕದ ನಿಸ್ಟ್ ಸಂಸ್ಥೆ ಸ್ಪರ್ಧೆ ಕರೆದಾಗಲೇ, ಗೆದ್ದ ಅಲ್ಗಾರಿದಮ್ ಜಗತ್ತಿನಲ್ಲೆಲ್ಲ ರಾಯಲ್ಟಿ ಇಲ್ಲದೆ ಸಿಗಬೇಕು ಎಂಬ ಷರತ್ತು ಹಾಕಿತ್ತು. ಬೆಲ್ಜಿಯಂನ ಡೇಮನ್ ಮತ್ತು ರೈಮನ್ ಬರೆದ ಅಲ್ಗಾರಿದಮ್ 2001ರಲ್ಲಿ ಮಾನದಂಡವಾಯಿತು.

ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವುದು ಐಡಿಯಾ ಎಂಬ ಹೆಸರಿನ ಸೈಫರ್ (ಎನ್‌ಕ್ರಿಪ್ಶನ್ ಮಾಡುವ ಅಲ್ಗಾರಿದಮ್) ಹತ್ತಿರ. ಮೊಬೈಲ್ ಕಂಪನಿ ಅಲ್ಲ. ಪೇಟೆಂಟೂ ಲೈಸೆನ್ಸೂ ಒಂದಕ್ಕೊಂದು ಕಾಲು ತೊಡರಿಸಿಕೊಂಡು ಬೀಳುವುದು ಹೇಗೆ ಅಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ಜ್ಯೂರಿಕ್‌ನಲ್ಲಿ ಲಾಯ್ ಮತ್ತು ಮ್ಯಾಸಿ ಅದನ್ನು ರೂಪಿಸಿದರು, ಫಿಲ್ ಜಿಮ್ಮರ್‌ಮನ್ ಮೇಲ್‌ಗೆ ಬೀಗ ಹಾಕುವ ತಮ್ಮ ತಂತ್ರಾಂಶ ಪಿಜಿಪಿಯಲ್ಲಿ ಬಳಸಿದರು, ತೊಂಬತ್ತರ ದಶಕದಲ್ಲಿ ಗುಟ್ಟಿನ ಮೇಲ್ ಎಂದರೆ ಐಡಿಯಾ ಎಂಬಂತಾಯಿತು. ಪೇಟೆಂಟ್ ಸ್ವಿಸ್ ಕಂಪನಿಯೊಂದರ ಕೈಯಲ್ಲಿತ್ತು. ಅವರು ಕೆಟ್ಟವರೇನಲ್ಲ, 'ವ್ಯಾಪಾರಕ್ಕಲ್ಲದಿದ್ದರೆ ಪುಕ್ಕಟೆ ಬಳಸಿಕೊಳ್ಳಿ' ಅಂದಿದ್ದರು. ಕೇಳಲು ಚೆನ್ನಾಗಿದೆ, ಅಲ್ಲವೇ? ಜಿಪಿಎಲ್‌ಗೆ ಇದು ನುಂಗಲಾಗದ ತುತ್ತು. ಜಿಪಿಎಲ್ ಎರಡನೇ ಆವೃತ್ತಿಯ 7ನೇ ಕಲಮು ಹೇಳುವುದೇ ಅದು: ಪೇಟೆಂಟಿನ ಕಾರಣದಿಂದಲೋ ಕೋರ್ಟಿನ ಆದೇಶದಿಂದಲೋ ಈ ಲೈಸೆನ್ಸಿನ ಸ್ವಾತಂತ್ರ್ಯವನ್ನೆಲ್ಲ ಮುಂದಿನವರಿಗೆ ದಾಟಿಸಲು ನಿಮಗೆ ಆಗದಿದ್ದರೆ, ನೀವು ಹಂಚಲೇಬಾರದು. ವ್ಯಾಪಾರಕ್ಕೆ ಬಳಸಬೇಡಿ ಎಂಬ ಷರತ್ತು ಒಳಗೆ ಬಂದ ಕೂಡಲೇ ಆ ಸ್ವಾತಂತ್ರ್ಯ ಮುರಿಯುತ್ತದೆ.

ಅದಕ್ಕೇ ಜರ್ಮನಿಯ ವೆರ್ನರ್ ಕೋಖ್ 1997ರ ಕೊನೆಗೆ ಪಿಜಿಪಿಗೆ ಜಿಪಿಎಲ್ ಬದಲಿಯಾಗಿ ಗ್ನೂಪಿಜಿ ಹೊರತಂದಾಗ ಅದರಲ್ಲಿ ಐಡಿಯಾವೂ ಇರಲಿಲ್ಲ, ಆರ್‌ಎಸ್‌ಎಯೂ ಇರಲಿಲ್ಲ. ಎಲ್‌ಗಮಾಲ್, ಡಿಎಸ್‌ಎಯಂಥ ಬೇರೆ ಅಲ್ಗಾರಿದಮ್‌ಗಳಲ್ಲಿ ಸಂಸಾರ ನಡೆಸಿದರು. ಎಲ್‌ಗಮಾಲ್‌ಗೆ ಅಡ್ಡ ನಿಂತಿದ್ದ ಡಿಫಿ-ಹೆಲ್‌ಮನ್ ಪೇಟೆಂಟ್ ಅದೇ ವರ್ಷ ಮುಗಿದಿತ್ತು. ಆ ಲೆಕ್ಕ ಇಟ್ಟುಕೊಂಡೇ ಕೆಲಸ ಶುರುವಾದದ್ದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಪಿಜಿಪಿ ಮೇಲೊಂದನ್ನು ತೆರೆಯಬೇಕಾಗಿ ಬಂತು. ಐಡಿಯಾ ಪ್ಲಗಿನ್ ಇಲ್ಲ ಎಂದು ಗ್ನೂಪಿಜಿ ಕೈಚೆಲ್ಲಿತು. ಪಕ್ಕದ ಸೀಟಿನವರು ಒಂದೇ ಒಂದು ಸಿ ಫೈಲನ್ನು ಎಲ್ಲಿಂದಲೋ ಇಳಿಸಿ, ಸೈಫರ್ ಫೋಲ್ಡರಿಗೆ ಹಾಕಿ, ಮತ್ತೆ ಕಂಪೈಲ್ ಮಾಡಿ ತೋರಿಸಿದರು. ಮೇಲ್ ತೆರೆಯಿತು. 'ಇದನ್ನ ಬಿಲ್ಡ್ ಮಷೀನ್ ಮೇಲೆ ಮಾತ್ರ ಹಾಕ್ಬೇಡಪ್ಪ' ಅಂದರು. ಒಂದು ಫೈಲು, ಸಾವಿರ ಸಾಲೂ ಇಲ್ಲ, ಇಡೀ ಪ್ರಾಜೆಕ್ಟಿನಿಂದ ಹೊರಗೆ ಬೇಲಿಯಾಚೆ ಕೂತಿತ್ತು. ಯುರೋಪಿನ ಪೇಟೆಂಟ್ 2011ರಲ್ಲಿ, ಅಮೆರಿಕದ್ದು 2012ರ ಜನವರಿಯಲ್ಲಿ ಮುಗಿದ ಮೇಲೆ ಗ್ನೂಪಿಜಿ ಅದನ್ನು ಒಳಗೆ ಕರೆದುಕೊಂಡಿತು. ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಡವಾಗಿತ್ತು.

ಇನ್ನೊಂದು ಉದಾಹರಣೆ ನಿಮ್ಮ ಮನೆಯಲ್ಲೇ ಇದೆ. ವೈಫೈ ರೌಟರಿನ ಸೆಟ್ಟಿಂಗಿನಲ್ಲಿ ಡಬ್ಲ್ಯೂಪಿಎ2 ಪಕ್ಕದಲ್ಲಿ ಎಇಎಸ್ ಎಂದೋ ಸಿಸಿಎಂಪಿ ಎಂದೋ ಬರೆದಿರುತ್ತದೆ. ವೈಫೈ ಭದ್ರತೆಗೆ ಮೊದಲು ಆಯ್ದುಕೊಂಡದ್ದು ಫಿಲಿಪ್ ರೋಗವೇ ಅವರ ಓಸಿಬಿ ವಿಧಾನ. ವೇಗದ್ದು, ಚೊಕ್ಕದ್ದು. ಆದರೆ ಪೇಟೆಂಟ್ ಇತ್ತು, ಕಂಪನಿಗಳು ಹಿಂಜರಿದವು, ಅದರ ಜಾಗಕ್ಕೆ ಸಿಸಿಎಂ ಎಂಬುದನ್ನು ಹೊಲಿದು ತಂದರು. ನಿಮ್ಮ ರೌಟರಿನ ಸಿಸಿಎಂಪಿ ಅದರದ್ದೇ. 2013ರಲ್ಲಿ ರೋಗವೇ ಓಪನ್ ಸೋರ್ಸ್‌ಗೆ ಉಚಿತ ಲೈಸೆನ್ಸ್ ಕೊಟ್ಟರು. ಉಳಿದ ತಂತ್ರಾಂಶಕ್ಕೆ ಕೊಟ್ಟ ಇನ್ನೊಂದರಲ್ಲಿ 'ಮಿಲಿಟರಿ ಬಳಕೆಗೆ ಇಲ್ಲ' ಎಂಬ ಷರತ್ತಿತ್ತು. 2021ರಲ್ಲಿ ಪೇಟೆಂಟುಗಳನ್ನೇ ಕೈಬಿಟ್ಟರು. ತಡವಾಗಿತ್ತು. ಅಷ್ಟರಲ್ಲಿ ಎಲ್ಲರೂ ಜಿಸಿಎಂ ಎಂಬ ಇನ್ನೊಂದು ವಿಧಾನ ಹಿಡಿದಾಗಿತ್ತು.

ಎಲಿಪ್ಟಿಕ್ ಕರ್ವ್ ವಿಷಯದಲ್ಲಿ ನಿಮ್ಮ ಭಯ ಒಂದು ಕಾಲಕ್ಕೆ ಸರಿಯೇ ಆಗಿತ್ತು. ಕೆನಡಾದ ಸರ್ಟಿಕಾಮ್ ಕಂಪನಿ ಸುತ್ತಮುತ್ತಲ ತಂತ್ರಗಳ ಮೇಲೆ ಪೇಟೆಂಟ್ ರಾಶಿ ಹಾಕಿತ್ತು. ಅಮೆರಿಕದ ಗೂಢಚರ್ಯೆ ಸಂಸ್ಥೆ ಎನ್‌ಎಸ್‌ಎಯೇ 2003ರಲ್ಲಿ 2.5 ಕೋಟಿ ಡಾಲರ್ ಕೊಟ್ಟು 26 ಪೇಟೆಂಟ್‌ಗಳಿಗೆ ಲೈಸೆನ್ಸ್ ಪಡೆಯಿತು. ಗಣಿತ ಎಲ್ಲರದ್ದು, ಅದನ್ನು ಬೇಗ ಮಾಡುವ ಕೈಚಳಕ ಮಾತ್ರ ಅವರದ್ದು ಎಂದು ತಿಳಿದವರು ಹೇಳುತ್ತಲೇ ಇದ್ದರು. ಆದರೂ ಫೆಡೋರಾ ಎಂಬ ಲಿನಕ್ಸ್ ವಿತರಣೆಯಲ್ಲಿ ಎನ್‌ಕ್ರಿಪ್ಶನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಿಂದ ಆ ಭಾಗವನ್ನೇ ಕತ್ತರಿಸಿ ಕೊಡುತ್ತಿದ್ದರು, 2013ರ ಅಕ್ಟೋಬರ್‌ವರೆಗೂ. ಉಬುಂಟುವಿನಲ್ಲಿ ಕಂಪೈಲ್ ಆದದ್ದು ಫೆಡೋರಾದಲ್ಲಿ ಆಗುತ್ತಿರಲಿಲ್ಲ. ನಮ್ಮ ಕೋಡಿನಲ್ಲೇ ತಪ್ಪು ಅಂದುಕೊಂಡು ನಾನು ಒಂದಿಡೀ ಮಧ್ಯಾಹ್ನ ಗಾಳಿ ಗುದ್ದಿದ್ದೇನೆ. ಇವತ್ತು ಬರ್ನ್‌ಸ್ಟೈನ್ ಅವರ ಕರ್ವ್25519 ಬಳಸಿ. ಓಪನ್‌ಎಸ್‌ಎಸ್‌ಎಚ್‌ನಿಂದ ಹಿಡಿದು ಎಲ್ಲ ಕಡೆ ಅದೇ ಇದೆ.

'ನಾನು ಬೆಂಗಳೂರಿನಲ್ಲಿ ಕೂತವನು, ನಮ್ಮ ಕಾನೂನು ಏನನ್ನುತ್ತೆ?' ಅಂತಲೂ ಕೇಳಿದ್ದೀರಿ. 1970ರ ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಗಣಿತದ ವಿಧಾನ, ಅಲ್ಗಾರಿದಮ್, ಬರಿಯ ಕಂಪ್ಯೂಟರ್ ಪ್ರೋಗ್ರಾಮ್ ಇವು ಆವಿಷ್ಕಾರಗಳೇ ಅಲ್ಲ. 2004ರ ಕೊನೆಯ ಸುಗ್ರೀವಾಜ್ಞೆ ಈ ಬಾಗಿಲನ್ನು ಸ್ವಲ್ಪ ತೆರೆಯಲು ನೋಡಿತು, 2005ರಲ್ಲಿ ಸಂಸತ್ತು ಅದನ್ನು ಒಪ್ಪಲಿಲ್ಲ. ಆದರೆ 'ತಾಂತ್ರಿಕ ಪರಿಣಾಮ' ತೋರಿಸಿದರೆ ದಾರಿ ಇದೆ ಎಂದು 2019ರ ಕೊನೆಗೆ ದೆಹಲಿ ಹೈಕೋರ್ಟ್ ಫೆರಿದ್ ಅಲಾನಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆ ಕಲಮನ್ನು ಅಭೇದ್ಯ ಕೋಟೆ ಅಂದುಕೊಳ್ಳಬೇಡಿ. ಅಲ್ಲದೆ ನಿಮ್ಮ ತಂತ್ರಾಂಶ ನೆಟ್‌ಗೆ ಹೋದ ದಿನವೇ ಟೆಕ್ಸಾಸ್‌ನಲ್ಲೂ ಯಾರೋ ಇಳಿಸಿಕೊಳ್ಳುತ್ತಾರೆ.

ಟೆಕ್ಸಾಸ್ ಅಂದದ್ದು ಸುಮ್ಮನೆ ಅಲ್ಲ. ಎಸ್‌ಎಸ್‌ಎಲ್ ಜೊತೆ ಆರ್‌ಸಿ4 ಸೈಫರ್ ಬಳಸುವುದೇ ತನ್ನ ಪೇಟೆಂಟ್ ಎಂದು ಟಿಕ್ಯೂಪಿ ಎಂಬ ಕಂಪನಿ ನೂರಾರು ಅಂಗಡಿ, ಬ್ಯಾಂಕುಗಳ ಮೇಲೆ ಕೇಸು ಹಾಕಿತ್ತು. ಹೆಚ್ಚಿನವರು ದುಡ್ಡು ಕೊಟ್ಟು ಕೈತೊಳೆದುಕೊಂಡರು. ನ್ಯೂಎಗ್ ಎಂಬ ಅಂಗಡಿ ಹೋರಾಡಿತು, ಸಾಕ್ಷಿ ಹೇಳಲು ಮೇಲೆ ಹೇಳಿದ ಡಿಫಿ-ಹೆಲ್‌ಮನ್‌ನ ಸಾಕ್ಷಾತ್ ವಿಟ್‌ಫೀಲ್ಡ್ ಡಿಫಿಯೇ ಬಂದರು. ಆದರೂ 2013ರ ನವೆಂಬರ್‌ನಲ್ಲಿ ಅಲ್ಲಿನ ಜ್ಯೂರಿ 23 ಲಕ್ಷ ಡಾಲರ್ ಕಟ್ಟಿ ಅಂದಿತು. 2015ರಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ತೆಗೆದುಹಾಕಿದರು. ಗಮನಿಸಿ, ಆ ಪೇಟೆಂಟಿನ ಅವಧಿ 2012ರಲ್ಲೇ ಮುಗಿದಿತ್ತು. ಹಿಂದಿನ ಬಳಕೆಗೆ ಪರಿಹಾರ ಕೇಳಬಹುದು. ಇಂಥವರು ಹೋಗುವುದು ಗಲ್ಲಾಪೆಟ್ಟಿಗೆ ಇರುವ ಕಡೆಗೆ. ಪುಕ್ಕಟೆ ತಂತ್ರಾಂಶ ಬರೆದ ನಿಮ್ಮ ಹತ್ತಿರ ಅವರಿಗೆ ಸಿಗುವುದೇನು?

ಈಗ ಲೈಸೆನ್ಸ್ ಕಡೆ. ನನ್ನ ಅನುಭವದಲ್ಲಿ ದಿನನಿತ್ಯ ಎಡವುವುದು ಇಲ್ಲೇ. ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಲೈಸೆನ್ಸಿನಲ್ಲಿ ಒಂದು ಜಾಹೀರಾತಿನ ಕಲಮು ಇತ್ತು: ಅದರ ಗುಣಗಳನ್ನು ಹೇಳುವ ಯಾವುದೇ ಜಾಹೀರಾತಿನಲ್ಲಿ ಅವರ ಹೆಸರು ಹಾಕಬೇಕು. ಸಣ್ಣ ಮಾತು. ಆದರೆ ಜಿಪಿಎಲ್ ಹೆಚ್ಚುವರಿ ಷರತ್ತನ್ನು ಒಪ್ಪುವುದಿಲ್ಲ. ಎರಡನ್ನೂ ಸೇರಿಸಿ ಕಟ್ಟಿದರೆ ಹಂಚುವಂತಿಲ್ಲ. ನಮ್ಮ ಒಂದು ಉತ್ಪನ್ನದೊಳಗೆ ಹೀಗೆ ಓಪನ್‌ಎಸ್‌ಎಸ್‌ಎಲ್‌ಗೆ ಅಂಟಿಕೊಂಡ ಪುಟ್ಟ ಜಿಪಿಎಲ್ ಪ್ರೋಗ್ರಾಮ್ ಇತ್ತು. ಸಾಗಿಸುವ ವಾರದಲ್ಲಿ ಗ್ರಾಹಕರ ಕಾನೂನು ವಿಭಾಗ ಅದನ್ನು ಹೆಕ್ಕಿ ತೆಗೆಯಿತು. ಬರೆದವರಿಗೆ ನಾನೇ ಮೇಲ್ ಹಾಕಿದೆ. ಪುಣ್ಯಾತ್ಮರು ರಾತ್ರಿ ಬೆಳಗಾಗುವುದರೊಳಗೆ 'ಓಪನ್‌ಎಸ್‌ಎಸ್‌ಎಲ್ ಜೊತೆ ಸೇರಿಸಲು ವಿಶೇಷ ಅನುಮತಿ ಇದೆ' ಎಂಬ ಸಾಲು ಸೇರಿಸಲು ಒಪ್ಪಿದರು. ಆದರೆ ಅದರಲ್ಲಿ ಇನ್ನೊಬ್ಬರ ನಲವತ್ತು ಸಾಲು ಕೋಡೂ ಇತ್ತು, ಅವರ ವಿಳಾಸಕ್ಕೆ ಹಾಕಿದ ಮೇಲ್ ವಾಪಸ್ ಬಂತು. ಅವರ ಒಪ್ಪಿಗೆ ಇಲ್ಲದೆ ಅನುಮತಿ ಪೂರ್ತಿಯಾಗದು. ಆ ನಲವತ್ತು ಸಾಲನ್ನು, ಅದನ್ನು ಎಂದೂ ನೋಡದ ಹುಡುಗಿಯೊಬ್ಬಳಿಂದ ಹೊಸದಾಗಿ ಬರೆಸಿದೆವು. ಶನಿವಾರ ಸಂಜೆ.

ಓಪನ್‌ಎಸ್‌ಎಸ್‌ಎಲ್‌ನವರಿಗೂ ಇದೇ ಪಾಡು, ದೊಡ್ಡ ಪ್ರಮಾಣದಲ್ಲಿ. 2017ರಲ್ಲಿ ಲೈಸೆನ್ಸ್ ಬದಲಿಸಲು ಹೊರಟು ಕೋಡ್ ಕೊಟ್ಟವರಿಗೆಲ್ಲ ಮೇಲ್ ಕಳಿಸಿದರು. ಉತ್ತರ ಬರದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇವೆ ಎಂಬ ಸಾಲಿಗೆ ಗಲಾಟೆಯೇ ಆಯಿತು, ಆಗಬೇಕಾದ್ದೇ. ಕೊನೆಗೆ 2021ರ ಸೆಪ್ಟೆಂಬರ್‌ನಲ್ಲಿ 3.0 ಆವೃತ್ತಿ ಅಪಾಚೆ 2.0 ಲೈಸೆನ್ಸ್ ಅಡಿಯಲ್ಲಿ ಬಂತು. ನಿಮಗೆ ಇದರಿಂದ ಆಗುವುದು ಇದು: ನಿಮ್ಮ ತಂತ್ರಾಂಶ ಜಿಪಿಎಲ್ ಮೂರನೇ ಆವೃತ್ತಿಯದ್ದಾದರೆ ಅಪಾಚೆ ಕೋಡ್ ಜೊತೆ ಹೊಂದುತ್ತದೆ, 'ಎರಡನೇ ಆವೃತ್ತಿ ಮಾತ್ರ' ಅಂತ ಬರೆದರೆ ಹೊಂದುವುದಿಲ್ಲ ಎಂದು ಜಿಪಿಎಲ್ ಬರೆದವರೇ ಹೇಳುತ್ತಾರೆ. ಮೂರನೆಯದನ್ನೇ ಹಾಕಿ. ಅದರಲ್ಲಿ ಕೋಡ್ ಕೊಟ್ಟವರು ತಮ್ಮ ಕೊಡುಗೆಗೆ ತಗಲುವ ಪೇಟೆಂಟನ್ನೂ ಬಿಟ್ಟುಕೊಟ್ಟಂತೆ ಎಂದು ಸ್ಪಷ್ಟವಾಗಿದೆ. ಅಪಾಚೆಯಲ್ಲೂ ಇದೆ. ಎಂಐಟಿ ಲೈಸೆನ್ಸ್ ಓದಿ ನೋಡಿ, ಪೇಟೆಂಟ್ ಎಂಬ ಪದವೇ ಇಲ್ಲ.

ಈಗ ಆ ರೆಪೊ. ಲೈಸೆನ್ಸ್ ಫೈಲ್ ಇಲ್ಲ ಎಂದರೆ ಯಾರು ಬೇಕಾದರೂ ತಗೊಳ್ಳಬಹುದು ಅಂತಲ್ಲ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಯ ಲೆಕ್ಕ. ನೋಂದಾಯಿಸದಿದ್ದರೂ, ಫಲಕ ಹಾಕದಿದ್ದರೂ ಹಕ್ಕು ಬರೆದವರದ್ದೇ. ಬೇಲಿ ಇಲ್ಲದ ಹಿತ್ತಿಲಿನ ಹಲಸಿನ ಮರ ಇದ್ದ ಹಾಗೆ, ಯಜಮಾನ ಕಾಣದಿದ್ದರೂ ಇದ್ದಾನೆ. ಗಿಟ್‌ಹಬ್‌ನಲ್ಲಿ ನೋಡಬಹುದು, ಅಲ್ಲಿಯೇ ಫೋರ್ಕ್ (ನಿಮ್ಮ ಖಾತೆಗೆ ನಕಲು) ಮಾಡಬಹುದು. ಅದಕ್ಕೆ ನಿಮ್ಮ ಜಿಪಿಎಲ್ ಮುದ್ರೆ ಒತ್ತಿ ಹಂಚುವ ಹಕ್ಕು ನಿಮಗಿಲ್ಲ. ಅಲ್ಗಾರಿದಮಿಗೆ ಪೇಟೆಂಟ್ ಇಲ್ಲ ಎಂಬುದು ಇಲ್ಲಿ ನೆರವಿಗೆ ಬರುವುದಿಲ್ಲ.

ಬರೆದವರಿಗೆ ಒಂದು ಮೇಲ್ ಹಾಕಿ ಲೈಸೆನ್ಸ್ ಹಾಕಿಸಿಕೊಳ್ಳಬಹುದು. ನಾನಾಗಿದ್ದರೆ ಆ ಫೈಲನ್ನೇ ತೆಗೆದು ಲಿಬ್‌ಸೋಡಿಯಂ ಎಂಬ ಎನ್‌ಕ್ರಿಪ್ಶನ್ ಲೈಬ್ರರಿ ಹಾಕಿಕೊಳ್ಳುತ್ತೇನೆ. ಐಎಸ್‌ಸಿ ಲೈಸೆನ್ಸು, ಜಿಪಿಎಲ್ ಜೊತೆ ತಕರಾರಿಲ್ಲ, ಕರ್ವ್25519 ಒಳಗೇ ಇದೆ, ಪಾಸ್‌ವರ್ಡ್‌ನಿಂದ ಕೀ ತೆಗೆಯಲು ಆರ್ಗಾನ್2 ಕೂಡ. ಹಾಗೆ ಮಾಡಿದರೆ ನಿಮಗೆ ಆರ್‌ಎಸ್‌ಎ ಬೇಕಾಗುವುದೂ ಇಲ್ಲ. ಇಷ್ಟಕ್ಕೂ ಯಾರೋ ಬರೆದಿಟ್ಟ ಎಇಎಸ್ ಕೋಡ್ ಸರಿಯಾಗಿದೆಯೋ ಇಲ್ಲವೋ ಯಾರು ಪರೀಕ್ಷಿಸಿದ್ದಾರೆ? ಮತ್ತೆ ಒಂದು ಮಾತು: ಫೈಲ್ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಇನ್ನೂ ಯಾರಿಗೂ ತೋರಿಸಿಲ್ಲ ಅಂದಿದ್ದೀರಲ್ಲ, ಹೊಸ ರೆಪೊ ತೆರೆದು ಮೊದಲ ಕಮಿಟ್‌ನಿಂದಲೇ ಶುರುಮಾಡಿ.