ಮಲಪರೀಕ್ಷೆಗೆ ಸಿಗದ ಹುಳು

ಪ್ರಶ್ನೆ: ಆರು ವರ್ಷದ ಮಗಳು ರಾತ್ರಿ ಮಲಗಿದ ಮೇಲೆ ಗುದದ ಸುತ್ತ ತುರಿಸಿಕೊಳ್ಳುತ್ತಾಳೆ, ಸರಿಯಾಗಿ ನಿದ್ದೆ ಮಾಡುವುದಿಲ್ಲ. ಜಂತುಹುಳು ಇರಬೇಕೆಂದು ಎರಡು ಸಲ ಮಲಪರೀಕ್ಷೆ ಮಾಡಿಸಿದೆವು. ಎರಡು ಸಲವೂ ಏನೂ ಇಲ್ಲ ಎಂದೇ ಬಂತು. ಇನ್ನೇನು ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಲಕ್ಷಣ ನೋಡಿದರೆ ಇದು ಪಿನ್‌ವರ್ಮ್, ಅಂದರೆ ದಾರದ ಹುಳು ಇರುವ ಸಾಧ್ಯತೆಯೇ ಹೆಚ್ಚು. ಇದರ ಹೆಣ್ಣು ಹುಳು ಕರುಳಿನೊಳಗೆ ಮೊಟ್ಟೆ ಇಡುವುದಿಲ್ಲ. ರಾತ್ರಿ ಹೊರಗೆ ಬಂದು ಗುದದ ಸುತ್ತಲ ಚರ್ಮದ ಮೇಲೆ ಇಡುತ್ತದೆ. ಹಾಗಾಗಿ ಮಲದಲ್ಲಿ ಮೊಟ್ಟೆ ಸಿಗುವುದು ಅಪರೂಪ. ನಿಮ್ಮ ಲ್ಯಾಬಿನವರು ತಪ್ಪಿದ್ದಾರೆ ಎನ್ನುವಂತಿಲ್ಲ, ಹುಡುಕಿದ ಜಾಗವೇ ಬೇರೆ.

ಬೇಕಾದದ್ದು ಟೇಪ್ ಪರೀಕ್ಷೆ. ಲ್ಯಾಬಿನಿಂದ ಮೂರು ಗಾಜಿನ ಸ್ಲೈಡ್ ತನ್ನಿ. ಬೆಳಿಗ್ಗೆ ಮಗು ಎದ್ದ ಕೂಡಲೇ, ಕಕ್ಕಸಿಗೆ ಹೋಗುವ ಮೊದಲು, ತೊಳೆಯುವ ಮೊದಲು ಇದನ್ನು ಮಾಡಬೇಕು. ಒಮ್ಮೆ ತೊಳೆದರೆ ಮೊಟ್ಟೆಗಳೂ ನೀರಿನ ಜೊತೆ ಹೋಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಪಾರದರ್ಶಕ ಸೆಲ್ಲೋಟೇಪನ್ನು ಅಂಟು ಹೊರಗೆ ಬರುವಂತೆ ಒಂದು ಚಮಚದ ಹಿಡಿಗೆ ಸುತ್ತಿ, ಗುದದ ಸುತ್ತ ಎರಡೂ ಬದಿಯ ಮಡಿಕೆಗಳಿಗೆ ಒತ್ತಿ ತೆಗೆಯಿರಿ. ಆಮೇಲೆ ಅಂಟಿನ ಬದಿ ಕೆಳಗಾಗುವಂತೆ, ಗಾಳಿಗುಳ್ಳೆ ನಿಲ್ಲದ ಹಾಗೆ ಸ್ಲೈಡಿಗೆ ಅಂಟಿಸಿ. ಮಬ್ಬು ಟೇಪ್ ಬೇಡ, ಸೂಕ್ಷ್ಮದರ್ಶಕದಲ್ಲಿ ಅದರ ಮೂಲಕ ಏನೂ ಕಾಣದು. ಕೈಯನ್ನು, ಉಗುರಿನ ಸಂದನ್ನೂ ಸೋಪು ಹಚ್ಚಿ ತೊಳೆಯಿರಿ, ಏಕೆಂದರೆ ಈ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಸೋಂಕು ಹರಡಲು ಸಿದ್ಧವಾಗುತ್ತದೆ.

ಹೆಣ್ಣು ಹುಳು ದಿನವೂ ಹೊರಬರುವುದಿಲ್ಲ. ಆದ್ದರಿಂದ ಸತತ ಮೂರು ಬೆಳಿಗ್ಗೆ ಹೀಗೆ ಮಾಡಿ, ಮೂರೂ ಸ್ಲೈಡ್ ಕೊಡಿ. ಲ್ಯಾಬಿನವರು ಹುಡುಕುವುದು ಒಂದು ಬದಿ ಚಪ್ಪಟೆಯಾದ, ಸುಮಾರು 50–60 ಮೈಕ್ರಾನ್ ಉದ್ದದ ಮೊಟ್ಟೆಯನ್ನು. ಮಗು ಮಲಗಿ ಎರಡು-ಮೂರು ಗಂಟೆ ಆದ ಮೇಲೆ ಗುದದ ಸುತ್ತ ಟಾರ್ಚ್ ಬೆಳಕು ಹಾಯಿಸಿ ನೋಡಿದರೆ ಬಿಳಿ ದಾರದ ಚೂರಿನಂಥ, ಒಂದು ಸೆಂಟಿಮೀಟರ್ ಆಸುಪಾಸಿನ ಹುಳು ಹರಿದಾಡುವುದು ಕಾಣಲೂಬಹುದು.

ಮಲಪರೀಕ್ಷೆ ಹಾಗಾದರೆ ಬೇಡವೇ? ದುಂಡುಹುಳು, ಕೊಕ್ಕೆಹುಳುವಿಗೆ ಅದೇ ಬೇಕು. ಪದೇ ಪದೇ ಭೇದಿ ಮಾಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮ ಪರೋಪಜೀವಿಗಂತೂ ಒಂದು ದಿನದ ಮಾದರಿ ಸಾಲದು. ದಿನ ಬಿಟ್ಟು ದಿನ ಮೂರು ಮಾದರಿ, ಮೂತ್ರ ಬೆರೆಯದಂತೆ ಕೊಡಬೇಕು.

ಹುಳು ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಶಾಲೆಗಳಲ್ಲಿ ಕೊಡುವ ಅದೇ ಜಂತುಹುಳು ಮಾತ್ರೆ ಆಲ್ಬೆಂಡಜೋಲನ್ನು ಬರೆಯುತ್ತಾರೆ. ಆದರೆ ಒಂದು ಸಲ ನುಂಗಿದರೆ ಮುಗಿಯದು. ಮೊಟ್ಟೆಯಿಂದ ಮತ್ತೆ ಬೆಳೆದ ಹುಳುಗಳಿಗಾಗಿ ಎರಡು ವಾರದ ನಂತರ ಇನ್ನೊಂದು ಸಲ ಕೊಡಬೇಕು. ಮನೆಮಂದಿಗೂ ಅದೇ ದಿನ ಕೊಡುವ ಬಗ್ಗೆ ಕೇಳಿ. ಗರ್ಭಿಣಿಯರು, ಎಳೆಮಕ್ಕಳಿದ್ದರೆ ಮೊದಲೇ ತಿಳಿಸಿ. ಮೂರು ಸ್ಲೈಡಿನಲ್ಲೂ ಏನೂ ಸಿಗದೆ ತುರಿಕೆ ಮಾತ್ರ ಹಾಗೇ ಉಳಿದರೆ ಚರ್ಮವನ್ನೇ ವೈದ್ಯರಿಗೆ ತೋರಿಸಿ.