ಮಂಪರಿನಲ್ಲಿ ಬಿಸಿಲ್ಗುದುರೆ ಕಾಣಬಹುದೇ?

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಪ್ರಬಂಧವೊಂದರಲ್ಲಿ ‘ಜ್ವರದ ಮಂಪರಿನಲ್ಲಿ ನನಗೆ ಕಂಡದ್ದೆಲ್ಲ ಬಿಸಿಲ್ಗುದುರೆ’ ಎಂದು ಬರೆದಿದ್ದಾಳೆ. ಕನಸಿನಂತಹ ಅನುಭವಕ್ಕೆ ಈ ಪದವನ್ನು ಬಳಸಬಹುದೇ?
– ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ವಾಕ್ಯ ಚೆಲುವಾಗಿದೆ, ಆದರೆ ಪದ ಅಲ್ಲಿಗೆ ಹೊಂದುವುದಿಲ್ಲ. ‘ಬಿಸಿಲು’ ಮತ್ತು ‘ಕುದುರೆ’ ಸೇರುವಾಗ ಆದೇಶ ಸಂಧಿಯಿಂದ ಕಕಾರವು ಗಕಾರವಾಗಿ ಈ ಪದ ಹುಟ್ಟಿದೆ. ಸಂಸ್ಕೃತದಲ್ಲಿ ಇದಕ್ಕೆ ಮರೀಚಿಕೆ, ಮೃಗತೃಷ್ಣೆ ಎಂಬ ಹೆಸರುಗಳಿವೆ. ಮರೀಚಿ ಎಂದರೆ ಕಿರಣ. ಮೃಗತೃಷ್ಣೆಯಲ್ಲಿರುವುದು ಜಿಂಕೆಯ ಬಾಯಾರಿಕೆ. ಕನ್ನಡದ ಪದದಲ್ಲಿ ಮಾತ್ರ, ಎಷ್ಟು ಬೆನ್ನಟ್ಟಿದರೂ ಕೈಗೆ ಸಿಗದೆ ಅಷ್ಟೇ ದೂರದಲ್ಲಿ ಓಡುವ ಕುದುರೆಯ ಚಿತ್ರ ನನಗೆ ಕಾಣುತ್ತದೆ. ಮೂರರಲ್ಲಿ ನನಗೆ ಹೆಚ್ಚು ಪ್ರಿಯವಾದದ್ದೂ ಇದೇ.

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೆದ್ದಾರಿಯಲ್ಲಿ ಹೋದವರಿಗೆ ರಸ್ತೆಯ ಮೇಲೆ ನೀರು ನಿಂತಂತೆ ಕಂಡಿರುತ್ತದೆ. ಅದೇ ಬಿಸಿಲ್ಗುದುರೆ. ಕಾದ ಡಾಂಬರಿಗೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ಬಿಸಿಯಾಗಿ ವಿರಳವಾಗುವುದರಿಂದ, ಆಕಾಶದಿಂದ ಇಳಿದುಬರುವ ಬೆಳಕು ನೆಲವನ್ನು ಮುಟ್ಟುವ ಮೊದಲೇ ಬಾಗಿ, ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ನಾವು ನೀರೆಂದುಕೊಳ್ಳುವುದು ಆಕಾಶದ ತುಣುಕನ್ನು. ಕ್ಯಾಮೆರಾದಲ್ಲಿಯೂ ಅದು ಹಾಗೆಯೇ ಮೂಡುತ್ತದೆ. ಕಂಡದ್ದು ಸುಳ್ಳಲ್ಲ, ನೀರೆಂದು ಬಗೆದದ್ದು ತಪ್ಪು.

ಅದ್ವೈತಿಗಳು ಈ ಸೂಕ್ಷ್ಮವನ್ನು ಚೆನ್ನಾಗಿ ಗುರುತಿಸಿದ್ದಾರೆ. ಹಗ್ಗವನ್ನು ಹಾವೆಂದು ಬೆದರಿದವನ ಮುಂದೆ ದೀಪ ಹಿಡಿದರೆ ಹಾವು ಉಳಿಯುವುದಿಲ್ಲ. ಬಿಸಿಲ್ಗುದುರೆಯಾದರೋ ನೀರಲ್ಲವೆಂದು ತಿಳಿದ ಮೇಲೂ ಕಾಣುತ್ತಲೇ ಇರುತ್ತದೆ. ಜ್ವರ ಇಳಿದೊಡನೆ ಮಾಯವಾಗುವ ನೋಟ ಮೊದಲನೆಯ ಬಗೆಯದು, ಅದಕ್ಕೆ ‘ಭ್ರಮೆ’ ಎಂಬುದೇ ತಕ್ಕ ಪದ. ಮಂಪರು ನಿದ್ದೆಗೂ ಎಚ್ಚರಕ್ಕೂ ನಡುವಿನ ಸ್ಥಿತಿ. ಕನವರಿಕೆಯನ್ನೂ ನೋಟಕ್ಕೆ ಬಳಸಲಾಗದು, ಅದು ಬಾಯಿಂದ ಹೊರಡುವ ಮಾತು.

ಬಿಸಿಲ್ಗುದುರೆಯನ್ನು ರೂಪಕವಾಗಿ ಬಳಸಲು ಅಡ್ಡಿಯಿಲ್ಲ. ಆದರೆ ಎದುರಿಗೆ ಕಾಣುತ್ತಲೇ, ಹತ್ತಿರ ಹೋದಷ್ಟೂ ಹಿಂದೆ ಸರಿಯುವ ಗುಣ ಆ ವಸ್ತುವಿನಲ್ಲಿ ಇರಬೇಕು. ನಿತ್ಯ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ‘ಶಾಶ್ವತ ನೀರಾವರಿ ಬಿಸಿಲ್ಗುದುರೆಯಾಗಿದೆ’ ಎಂದು ರೈತರು ಹೇಳಿದರೆ ಪದದ ಒಂದಕ್ಷರವೂ ವ್ಯರ್ಥವಾಗುವುದಿಲ್ಲ. ಮಗಳ ವಾಕ್ಯವನ್ನು ‘ಜ್ವರದ ಮಂಪರಿನಲ್ಲಿ ನನಗೆ ಕಂಡದ್ದೆಲ್ಲ ಕನಸಿನಂತಿತ್ತು’ ಎಂದು ತಿದ್ದಿಸಿ. ‘ಮಂಪರು’ ಎಂಬ ಒಳ್ಳೆಯ ಪದವನ್ನು ಅವಳೇ ಹುಡುಕಿಕೊಂಡಿದ್ದಾಳೆ, ಅದನ್ನು ಹಾಗೆಯೇ ಉಳಿಸಿ.